ಜೊಂಡಿನೊಳಗಿನ ಬಕಗಳು

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮುಂಬಯಿಯಲ್ಲಿ ಹಕ್ಕಿ ನೋಡುವ ಹವ್ಯಾಸದವರಲ್ಲಿ ಬಹಳ ಮಂದಿ ತಮ್ಮ ಬೈನಾಕ್ಯುಲರನ್ನು ಬೂಸಲು ಹಿಡಿಯದಂತೆ ಒಳಗಿಟ್ಟು ಅಕ್ಟೋಬರಿಗೆ ಕಾಯುತ್ತಾರೆ. ಉತ್ತರದಿಂದ ಬರುವ ಬಾತುಗಳು, ಗದ್ದೆಗೊರವಗಳು, ಠಾಣೆ ಖಾಡಿಯ ಕೆಸರಿನಲ್ಲಿ ಸಾಲುಗಟ್ಟುವ ರಾಜಹಂಸಗಳು, ಇವೆಲ್ಲ ಮಳೆ ಹಿಂದೆಗೆದ ಮೇಲಿನ ಸಂಭ್ರಮ. ಆದರೆ ಇದೇ ಖಾಡಿಯ ಅಂಚಿನಲ್ಲಿ, ಜೊಂಡು ಆಳೆತ್ತರ ಬೆಳೆದ ಜೌಗಿನಲ್ಲಿ, ಮಳೆಗಾಲಕ್ಕೆಂದೇ ಕಾದಿದ್ದು ಸಂಸಾರ ಹೂಡುವ ಕೆಲವು ಹಕ್ಕಿಗಳಿವೆ. ಬಕಗಳ ಕುಟುಂಬಕ್ಕೆ ಸೇರಿದವು. ಇವನ್ನು ಬಿಟರ್ನ್ ಎನ್ನುತ್ತಾರೆ. ಮರಾಠಿಯವರಿರಲಿ, ಗುಜರಾತಿಯವರಿರಲಿ, ನಮ್ಮ ಕನ್ನಡದವರಿರಲಿ, ಇಲ್ಲಿನ ಹಕ್ಕಿ ನೋಡುಗರ ಬಾಯಲ್ಲಿ ಆ ಹೆಸರೇ ನಿಂತಿದೆ.

ಇಪ್ಪತ್ತು ವರ್ಷ ಭಾಂಡುಪಿನ ಜೌಗಿನ ಪಕ್ಕದಲ್ಲೇ ಸಂಸಾರ ನಡೆಸಿ ಒಂದು ದಿನವೂ ಬಿಟರ್ನ್ ನೋಡದವರು ಬೇಕಾದಷ್ಟು ಜನ ಇದ್ದಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಕಾಣದಿರುವುದೇ ಈ ಹಕ್ಕಿಯ ಬದುಕಿನ ದಾರಿ. ನೋಡಿದವರು ಕಡಿಮೆ ಎಂದ ಮಾತ್ರಕ್ಕೆ ಹಕ್ಕಿ ಕಡಿಮೆ ಎಂದು ಅರ್ಥವಲ್ಲ. ಹಾಗೆಯೇ, ಯಾರಿಗೂ ಕಾಣದ ಹಕ್ಕಿ ಇಲ್ಲವಾದಾಗ ಅದು ಯಾರಿಗೂ ಗೊತ್ತಾಗುವುದೂ ಇಲ್ಲ. ಈ ಎರಡನೆಯ ಮಾತಿನ ಚಿಂತೆಯೇ ನನ್ನನ್ನು ಇವತ್ತು ಆಕಾಶವಾಣಿಯ ಈ ಮೈಕಿನ ಮುಂದೆ ಕೂರಿಸಿದೆ. ಗುರುತಿಸಲು ಬಾರದ ಹಕ್ಕಿಯ ಪರವಾಗಿ ಯಾರೂ ಮಾತಾಡಲಾರರು.

ಮೊದಲು ಕುಟುಂಬದ ಪರಿಚಯ. ಉದ್ದ ಕಾಲು, ಉದ್ದ ಕೊಕ್ಕಿನ ನೀರುಹಕ್ಕಿಗಳನ್ನೆಲ್ಲ ನಾವು ಕೊಕ್ಕರೆ ಎಂದುಬಿಡುತ್ತೇವೆ. ಹಕ್ಕಿ ಹಾರುವಾಗ ಕತ್ತನ್ನು ಗಮನಿಸಿದರೆ ಬಕಗಳು ಬೇರೆ ಎಂಬುದು ತಿಳಿಯುತ್ತದೆ. ಬಣ್ಣದ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ, ಕೆಂಬರಲು ಇವೆಲ್ಲ ಕತ್ತನ್ನು ಮುಂದಕ್ಕೆ ಚಾಚಿ ಹಾರುತ್ತವೆ. ಬಕ ಮಾತ್ರ ಕತ್ತನ್ನು ಹಿಂದಕ್ಕೆ ಮಡಿಚಿ, ತಲೆಯನ್ನು ಭುಜದ ನಡುವೆ ಇಟ್ಟುಕೊಂಡು ಹಾರುತ್ತದೆ. ಆ ಕತ್ತಿನೊಳಗೆ ಇಪ್ಪತ್ತು ಇಪ್ಪತ್ತೊಂದು ಕಶೇರುಗಳಿದ್ದು, ಆರನೆಯದರ ಆಕಾರ ಉಳಿದವುಗಳಿಗಿಂತ ಬೇರೆ. ಅಲ್ಲಿಯೇ ಕತ್ತು ಚೂಪಾಗಿ ಮಡಿಯುವುದು. ಮೀನು ಎಟುಕಿಗೆ ಬಂದ ಕೂಡಲೇ ಆ ಮಡಿಕೆ ಒಮ್ಮೆಲೇ ಬಿಚ್ಚಿಕೊಂಡು ಕೊಕ್ಕು ಗುರಿ ಮುಟ್ಟುತ್ತದೆ. ಇನ್ನೊಂದು ವಿಶೇಷವಿದೆ. ಬಕಗಳ ಎದೆ ಮತ್ತು ಹಿಂಭಾಗದ ಕೆಲವು ಕಡೆ ಬೆಳೆಯುವ ಮೆತ್ತನೆಯ ಗರಿಗಳು ಎಂದೂ ಉದುರುವುದಿಲ್ಲ. ತುದಿಯಲ್ಲಿ ಸವೆದು ಸವೆದು ಪುಡಿಯಾಗುತ್ತವೆ. ಹಾವುಮೀನು ತಿಂದು ಮೈಗೆ ಲೋಳೆ ಮೆತ್ತಿಕೊಂಡಾಗ ಹಕ್ಕಿ ಈ ಪುಡಿಯನ್ನು ಬಳಿದು, ಲೋಳೆ ಹೀರಿಕೊಂಡ ಮೇಲೆ, ನಡುಬೆರಳಿನ ಉಗುರಿನಲ್ಲಿರುವ ಹಲ್ಲುಗಳಿಂದ ಬಾಚಿ ತೆಗೆಯುತ್ತದೆ. ಕೆಸರಿನಲ್ಲೇ ಬಾಳುವ ಹಕ್ಕಿ ಅಷ್ಟು ಚೊಕ್ಕಟವಾಗಿರುವುದು ಹೀಗೆ.

ಈ ಕುಟುಂಬದಲ್ಲಿ ಬಿಟರ್ನ್‌ಗಳದೇ ಒಂದು ಕವಲು. ಉಳಿದ ಬಕಗಳಲ್ಲಿ ಹೆಚ್ಚಿನವಕ್ಕೆ ಗುಂಪು ಬೇಕು, ಗದ್ದಲ ಬೇಕು. ರಂಗನತಿಟ್ಟಿಗೆ ಹೋಗಿ ಬಂದವರು ಒಂದೇ ಮರದ ಮೇಲೆ ಹತ್ತಾರು ಗೂಡು ನೋಡಿರುತ್ತಾರೆ. 1940ರಲ್ಲಿ ಸಾಲಿಂ ಅಲಿಯವರ ಒತ್ತಾಸೆಯಿಂದ ಮೈಸೂರು ಸಂಸ್ಥಾನ ಅದನ್ನು ಪಕ್ಷಿಧಾಮವೆಂದು ಸಾರಲು ಸಾಧ್ಯವಾದದ್ದು ಅಲ್ಲಿನ ಹಕ್ಕಿಗಳು ಎಲ್ಲರ ಕಣ್ಣೆದುರೇ ಗೂಡು ಕಟ್ಟುತ್ತಿದ್ದುದರಿಂದ. ಮುಂಬಯಿಯಲ್ಲೂ ಬೈಕಲಾದ ರಾಣಿಬಾಗಿನ ಹಳೆಯ ಮರಗಳಲ್ಲಿ ರಾತ್ರಿ ಬಕಗಳು ಕೂಡಿ ಕೂತಿರುವುದನ್ನು ಟಿಕೆಟ್ ಕೊಂಡು ಒಳಹೋದ ಯಾರಾದರೂ ನೋಡಬಹುದು. ಬಿಟರ್ನ್ ಹಾಗಲ್ಲ. ಅದರ ಗೂಡು ಒಂಟಿ. ಜೊಂಡಿನ ಕಡ್ಡಿಗಳನ್ನು ಬಗ್ಗಿಸಿ ನೀರಿಗಿಂತ ತುಸು ಮೇಲೆ ಒಂದು ಅಟ್ಟಣಿಗೆ ಮಾಡಿ, ಅದರ ಮೇಲೆ ನಾಲ್ಕೈದು ಮೊಟ್ಟೆ ಇಟ್ಟು, ಸುತ್ತಲಿನ ಹುಲ್ಲನ್ನೇ ಗೋಡೆಯಾಗಿ ನಂಬಿರುತ್ತದೆ. ಪಕ್ಷಿಧಾಮದ ಫಲಕ ಅದರ ಗೂಡಿನ ಬಳಿ ಬರುವ ಸಂಭವ ಬಹಳ ಕಡಿಮೆ.

ಅದು ಅಡಗುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಪಾಯ ಸುಳಿದಾಗ ಬಿಟರ್ನ್ ಓಡುವುದಿಲ್ಲ, ಹಾರುವುದೂ ಇಲ್ಲ. ಇದ್ದಲ್ಲೇ ಕತ್ತನ್ನು ನೆಟ್ಟಗೆ ಮೇಲಕ್ಕೆ ಎಳೆದು, ಕೊಕ್ಕನ್ನು ಆಕಾಶಕ್ಕೆ ಮುಖ ಮಾಡಿ, ಮೈಯನ್ನು ಕಿರಿದಾಗಿಸಿ ನಿಂತುಬಿಡುತ್ತದೆ. ಕತ್ತಿನ ಮುಂಭಾಗದ ಉದ್ದುದ್ದ ಕಂದು ಗೆರೆಗಳು ಜೊಂಡಿನ ಒಣಕಡ್ಡಿಗಳ ನೆರಳಿನೊಂದಿಗೆ ಬೆರೆತುಹೋಗುತ್ತವೆ. ಗಾಳಿ ಬೀಸಿ ಜೊಂಡು ತೂಗಿದರೆ ಹಕ್ಕಿಯೂ ಅದರೊಂದಿಗೆ ತೂಗುತ್ತದೆ. ನಿಮ್ಮ ಕಡೆಗೆ ಸದಾ ಗೆರೆಯಿರುವ ಎದೆಯನ್ನೇ ತಿರುಗಿಸಿರುತ್ತದೆ. ನೀವು ಪಕ್ಕಕ್ಕೆ ಸರಿದರೆ ಅದೂ ಸದ್ದಿಲ್ಲದೆ ತಿರುಗುತ್ತದೆ. ಕೊಕ್ಕು ಮೇಲೆ ನೋಡುತ್ತಿದ್ದರೂ ಕಣ್ಣು ನಿಮ್ಮನ್ನು ಬಿಟ್ಟಿರುವುದಿಲ್ಲ. ಕಣ್ಣುಗಳು ತಲೆಯಲ್ಲಿ ತಗ್ಗಿನಲ್ಲಿ ಕೂತಿರುವುದರಿಂದ, ಕೊಕ್ಕಿನ ಕೆಳಗಿನಿಂದ ಎರಡೂ ಕಣ್ಣುಗಳಲ್ಲಿ ಮುಂದಕ್ಕೆ ನೋಡಲು ಅದಕ್ಕೆ ಬರುತ್ತದೆ. ಸರಿಯಾಗಿ ರೆಕ್ಕೆ ಬಲಿಯದ ಮರಿಗಳೂ ಗೂಡಿನಲ್ಲಿ ಇದೇ ಭಂಗಿಯಲ್ಲಿ ನಿಲ್ಲುತ್ತವೆ. ಯಾರೂ ಕಲಿಸಿದ್ದಲ್ಲ.

ಅದರ ಕಾಲಿನ ಬೆರಳುಗಳು ಮೈಗೆ ಹೋಲಿಸಿದರೆ ಬಹಳ ಉದ್ದ. ಒಂದು ಕಡ್ಡಿ ಅದರ ಭಾರ ತಡೆಯುವುದಿಲ್ಲ ಅನ್ನಿಸಿದರೆ ಎಡಗಾಲಿನಲ್ಲಿ ನಾಲ್ಕು ಕಡ್ಡಿ, ಬಲಗಾಲಿನಲ್ಲಿ ನಾಲ್ಕು ಕಡ್ಡಿ ಒಟ್ಟುಮಾಡಿ ಹಿಡಿದು, ಲೋಕಲ್ ರೈಲಿನ ಬಾಗಿಲಲ್ಲಿ ಎರಡೂ ಕಡೆಯ ಕಂಬಿ ಹಿಡಿದು ನಿಂತವರ ಹಾಗೆ, ನೀರಿನ ಮೇಲೆ ಜೋತು ನಿಲ್ಲುತ್ತದೆ. ಅಲ್ಲಿಂದ ಕತ್ತು ಇಳಿಬಿಟ್ಟು ಮೀನಿಗೆ ಕಾಯುತ್ತದೆ. ನೀರಿಗೆ ಕಾಲಿಡದೆಯೇ ಆಳದ ನೀರಿನ ಮೀನು ಹಿಡಿಯುವ ಈ ವಿದ್ಯೆ ದೊಡ್ಡ ಬಕಗಳಿಗಿಲ್ಲ. ಜೊಂಡಿಲ್ಲದೆ ಈ ಹಕ್ಕಿ ಬದುಕಲಾರದು ಎಂದು ಹೇಳುವುದು ಇದಕ್ಕಾಗಿ. ಜೊಂಡು ಅದಕ್ಕೆ ಮರೆ ಅಷ್ಟೇ ಅಲ್ಲ, ನಡೆಯುವ ನೆಲವೂ ಅದೇ.

ಮುಂಬಯಿ ಮತ್ತು ಉಪನಗರಗಳಲ್ಲಿ ಹೆಚ್ಚಾಗಿ ಸಿಗುವ ಬಿಟರ್ನ್‌ಗಳು ಮೂರು. ಹಳದಿ, ಕಂದು, ಕಪ್ಪು.

ಹಳದಿ ಬಿಟರ್ನ್ ಎಲ್ಲಕ್ಕಿಂತ ಚಿಕ್ಕದು. ಕೊಕ್ಕಿನಿಂದ ಬಾಲದವರೆಗೆ 36ರಿಂದ 38 ಸೆಂಟಿಮೀಟರ್, ತೂಕ ನೂರು ಗ್ರಾಮಿನ ಆಸುಪಾಸು. ಗಂಡಿನ ನೆತ್ತಿ ಕಪ್ಪು, ಬೆನ್ನು ಹಳದಿಗಂದು, ಹೊಟ್ಟೆ ಕೆನೆಬಣ್ಣ. ಹೆಣ್ಣಿಗೆ ಕತ್ತಿನ ಮೇಲೆ ಗೆರೆಗಳು, ಮರಿಗಂತೂ ಮೈಯೆಲ್ಲ ಗೆರೆಗಳು. ಕುಳಿತಾಗ ಇದಿಷ್ಟು ಕಂಡರೂ ಸಂದೇಹ ಉಳಿಯುತ್ತದೆ. ಹಾರಿದಾಗ ಸಂದೇಹವಿಲ್ಲ: ರೆಕ್ಕೆಯ ಒಳಭಾಗ ಹಳದಿಗಂದು, ಹೊರಗಿನ ಹಾರುಗರಿಗಳು ಮತ್ತು ಬಾಲ ಕಡುಗಪ್ಪು. ಎರಡು ಬಣ್ಣದ ರೆಕ್ಕೆ.

ಕಂದು ಬಿಟರ್ನ್ ಗಾತ್ರದಲ್ಲಿ ಹಳದಿಯದಕ್ಕೆ ಹೆಚ್ಚುಕಡಿಮೆ ಸಮ. ಗಂಡು ನೆತ್ತಿಯಿಂದ ಬಾಲದವರೆಗೆ ದಾಲ್ಚಿನ್ನಿ ಬಣ್ಣ. ಹೆಣ್ಣು ಮಂಕು, ಬೆನ್ನ ಮೇಲೆ ನಸುಬಿಳಿ ಚುಕ್ಕೆ, ಎದೆಯ ಮೇಲೆ ದಟ್ಟ ಗೆರೆ. ಹಳದಿ ಬಿಟರ್ನಿನ ಮರಿಯೊಂದಿಗೆ ಇದನ್ನು ಬೆರೆಸಿಬಿಡುವವರು ಬಹಳ. ಇಲ್ಲಿಯೂ ಹಾರುವ ತನಕ ಕಾಯಬೇಕು. ಕಂದು ಬಿಟರ್ನಿನ ಇಡೀ ರೆಕ್ಕೆ ಒಂದೇ ಬಣ್ಣ, ಕಪ್ಪಿನ ಸುಳಿವೇ ಇಲ್ಲ. ಗಂಡಾಗಲಿ ಹೆಣ್ಣಾಗಲಿ ಮರಿಯಾಗಲಿ, ಈ ನಿಯಮಕ್ಕೆ ಬದಲಿಲ್ಲ. ಆದ್ದರಿಂದ ಹೊಸಬರಿಗೆ ನಾನು ಹೇಳುವುದು ಒಂದೇ: ನೆತ್ತಿ, ಗೆರೆ, ಕಾಲಿನ ಬಣ್ಣ ಎಲ್ಲವನ್ನೂ ಆಮೇಲೆ ನೋಡಿ, ಹಾರಿದಾಗ ರೆಕ್ಕೆಯ ತುದಿ ಕಪ್ಪೋ ಅಲ್ಲವೋ ಅದನ್ನು ಮೊದಲು ನೋಡಿ. ಜೊಂಡಿನಿಂದ ಎದ್ದ ಬಿಟರ್ನ್ ಮತ್ತೆ ಜೊಂಡಿಗೆ ಬೀಳುವ ಮುಂಚೆ ನಿಮಗೆ ಸಿಗುವುದು ಮೂರೋ ನಾಲ್ಕೋ ಸೆಕೆಂಡು. ಅಷ್ಟರಲ್ಲಿ ಒಂದೇ ಪ್ರಶ್ನೆಗೆ ಉತ್ತರ ಹುಡುಕಲು ಸಾಧ್ಯ.

ನಮ್ಮ ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರಲ್ಲಿ ಎಷ್ಟೋ ಜನ ಈ ಕಂದು ಹಕ್ಕಿಯನ್ನು ಊರಲ್ಲಿ ನೋಡಿರುತ್ತಾರೆ, ಹೆಸರು ಗೊತ್ತಿಲ್ಲದಿರಬಹುದು. ನಾಟಿಯಾದ ಮೇಲೆ ಪೈರು ಮೊಳಕಾಲೆತ್ತರ ಬಂದಾಗ, ಗದ್ದೆಯ ಮೇಲೆ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಹಾರಿ ಧುಪ್ಪನೆ ಪೈರಿನೊಳಗೆ ಮಾಯವಾಗುವ ಕೆಂಗಂದು ಹಕ್ಕಿ ಅದೇ. ಮುಂಬಯಿಯ ಹೊರವಲಯದಲ್ಲಿ ವಸಯಿ, ಕಲ್ಯಾಣ, ಪನವೇಲ್, ಉರಣದ ಕಡೆ ಇನ್ನೂ ಭತ್ತದ ಗದ್ದೆ ಉಳಿದಿರುವಲ್ಲಿ ಜುಲೈ ಆಗಸ್ಟಿನ ಬೆಳಗ್ಗೆ ಇದನ್ನು ಹುಡುಕಬೇಕು. ಹಳದಿ ಬಿಟರ್ನಿಗೆ ನಿಂತ ಸಿಹಿನೀರು, ಆಪು ಜೊಂಡು ಇವೇ ಇಷ್ಟ: ಭಾಂಡುಪ್ ಪಂಪಿಂಗ್ ಸ್ಟೇಷನ್ನಿನ ಹೊಂಡಗಳು, ಅಂಧೇರಿಯ ಲೋಖಂಡ್‌ವಾಲಾ ಕೆರೆಯಂಥ ಕಡೆ.

ಕಪ್ಪು ಬಿಟರ್ನ್ ಬೇರೆಯೇ ಜಾತಿಯ ಹಕ್ಕಿ ಎನ್ನಿಸುವಷ್ಟು ದೊಡ್ಡದು, 58 ಸೆಂಟಿಮೀಟರ್. ಗಂಡಿನ ಬೆನ್ನು, ರೆಕ್ಕೆ ಮಸಿಗಪ್ಪು, ಕತ್ತಿನ ಪಕ್ಕದಲ್ಲಿ ಹಳದಿ ಪಟ್ಟಿ. ಹೆಣ್ಣು ಕಡುಗಂದು. ಇದಕ್ಕೆ ಕಾಂಡ್ಲಾ ಕಾಡೂ ಸರಿ, ಮರಗಳ ನೆರಳಿರುವ ಹಳ್ಳವೂ ಸರಿ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತಿರುಗುವ ಹಕ್ಕಿಯಾದ್ದರಿಂದ ಕಾಣುವುದು ಇನ್ನೂ ಕಷ್ಟ. ಮೋಡ ಕವಿದ ಮಳೆಗಾಲದ ದಿನಗಳಲ್ಲಿ ಬೆಳಕು ಮಂದವಾಗಿರುವ ಕಾರಣ ಹಗಲಿನಲ್ಲೂ ಒಂದಿಷ್ಟು ಹೊತ್ತು ಹಾರಾಡುತ್ತದೆ. ಖಾಡಿಯ ಮೇಲೆ ಕತ್ತು ಮಡಿಚಿದ ಕಪ್ಪು ಹಕ್ಕಿಯೊಂದು ನೇರವಾಗಿ, ಅವಸರದಲ್ಲಿ ಹಾರಿಹೋದರೆ ಅದು ಕಾಗೆಯೂ ಅಲ್ಲ, ನೀರುಕಾಗೆಯೂ ಅಲ್ಲ ಎಂದು ಮನಸ್ಸಿಗೆ ಹೊಳೆಯುವಷ್ಟು ಅಭ್ಯಾಸವಾದರೆ ಸಾಕು.

ಇವಲ್ಲದೆ ದೊಡ್ಡ ಬಿಟರ್ನ್ ಎಂಬುದೊಂದಿದೆ. ಯುರೋಪು ಮತ್ತು ಮಧ್ಯ ಏಷ್ಯದ ವಿಶಾಲ ಜೊಂಡುಗಾಡುಗಳ ಹಕ್ಕಿ. ಅನ್ನನಾಳದಲ್ಲಿ ಗಾಳಿ ತುಂಬಿಕೊಂಡು ಅದರ ಗಂಡು ಹೊರಡಿಸುವ ದನಿ ಮೂರು ನಾಲ್ಕು ಕಿಲೋಮೀಟರ್ ದೂರ ಕೇಳುತ್ತದೆ. ನಮ್ಮ ದೇಶಕ್ಕೆ ಚಳಿಗಾಲದಲ್ಲಿ ಬರುವಾಗ ಅದು ಆ ದನಿ ಹೊರಡಿಸುವುದಿಲ್ಲ, ಬರುವುದೂ ಅಪರೂಪ. ಇನ್ನೊಂದು, ಕಾಶ್ಮೀರದಲ್ಲಿ ಗೂಡು ಕಟ್ಟುವ ಪುಟ್ಟ ಬಿಟರ್ನ್. ಅದರ ಗಂಡಿನ ಬೆನ್ನೇ ಕಪ್ಪು. ಇವೆರಡರ ಹೆಸರು ಪಟ್ಟಿಗೆ ಸೇರಿಸುವ ಆಸೆಯಿಂದ ಹೊಸಬರು ಬೇಗ ಮೋಸಹೋಗುತ್ತಾರೆ. ಮುಂಬಯಿಯಲ್ಲಿ ದೊಡ್ಡ ಬಿಟರ್ನ್ ಎಂದು ಸುದ್ದಿಯಾಗುವ ಹಕ್ಕಿ ಹೆಚ್ಚಿನ ಸಲ ರಾತ್ರಿ ಬಕದ ಮರಿಯಾಗಿರುತ್ತದೆ. ಬೆಳೆದ ರಾತ್ರಿ ಬಕಕ್ಕೆ ಕಪ್ಪು ಬೆನ್ನು, ಬೂದು ರೆಕ್ಕೆ, ಕೆಂಪು ಕಣ್ಣು. ಅದರ ಮರಿಯೋ ಕಂದು, ಬೆನ್ನಿನ ತುಂಬ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ. ದೊಡ್ಡ ಹಕ್ಕಿಯ ಬೆನ್ನಲ್ಲಿ ಇಂಥ ಚುಕ್ಕೆ ಕಂಡರೆ ರಾತ್ರಿ ಬಕ. ಕತ್ತಲಾದ ಮೇಲೆ ಮುಂಬಯಿಯ ಕಟ್ಟಡಗಳ ನೆತ್ತಿಯ ಮೇಲೆ ‘ವಾಕ್’ ಎಂದು ಒಂದೇ ಸಲ ಕೂಗಿ ಹೋಗುವುದೂ ಇದೇ.

ಕಾಂಡ್ಲಾದ ಬೇರುಗಳ ನಡುವೆ ಕುಕ್ಕರುಗಾಲಲ್ಲಿ ಕೂತಂತೆ ಕಾಣುವ, ಹಸಿರುಬೂದು ಬಣ್ಣದ ಪುಟ್ಟ ಬಕ ಇನ್ನೊಂದಿದೆ. ಸುಮಾರು 44 ಸೆಂಟಿಮೀಟರಿನದು. ಅದೂ ನಾಚಿಕೆಯ ಹಕ್ಕಿಯೇ, ಆದರೆ ಬಿಟರ್ನ್ ಅಲ್ಲ. ಇಳಿತದ ಹೊತ್ತಿನಲ್ಲಿ, ಇಲ್ಲಿನ ಕೋಳಿ ಮೀನುಗಾರರು ನಿವಟಿ ಎಂದು ಕರೆಯುವ ಕೆಸರುಮೀನು ದಡದ ಮೇಲೆ ಕುಪ್ಪಳಿಸುವಾಗ, ಅದು ಮೆಲ್ಲನೆ ಹೊರಗೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಗೊಂದಲ ತರುವುದು ಮಾತ್ರ ನಮ್ಮ ದಿನನಿತ್ಯದ ಕೊಳದ ಬಕ. ಒಮ್ಮೆ ಡೊಂಬಿವಲಿಯ ಕಾಲೇಜು ಹುಡುಗಿಯೊಬ್ಬಳು ಮೊಬೈಲು ತೋರಿಸಿ ಕೇಳಿದಳು: “ಅಂಕಲ್, ನೋಡಿ, ಇದು ಬಿಟರ್ನ್ ಹೌದಲ್ವಾ? ಎದೆ ಮೇಲೆ ಗೆರೆ ಇದೆ, ಕತ್ತು ಮೇಲೆ ಮಾಡ್ಕೊಂಡು ನಿಂತಿದೆ.”

“ಹಾರಿದ್ದು ನೋಡಿದ್ಯಾ ಮಗಾ?”

“ಇಲ್ಲ. ಫೋಟೋ ತೆಗೆದು ತಲೆ ಎತ್ತೋ ಹೊತ್ತಿಗೆ ಇದು ಇರ್ಲಿಲ್ಲ. ಅಲ್ಲಿಂದ ಬೇರೆ ಯಾವ್ದೋ ಬೆಳ್ಳಕ್ಕಿ ಹಾರ್ತು.”

ಆ ಬೆಳ್ಳಕ್ಕಿಯೇ ಈ ಹಕ್ಕಿ. ಕೊಳದ ಬಕ ಕುಳಿತಾಗ ಮಣ್ಣಿನ ಬಣ್ಣ. ರೆಕ್ಕೆ ಬಿಚ್ಚಿದರೆ ಹಾಲಿನಷ್ಟು ಬಿಳಿ. ಆ ಹುಡುಗಿ ಬೇಸರಪಡಲಿಲ್ಲ, ಇಡೀ ಬೆಳಗ್ಗೆ ಕೊಳದ ಬಕಗಳು ಹಾರುವುದನ್ನೇ ನೋಡುತ್ತ ಕೂತಳು. ಅದು ಸರಿಯಾದ ದಾರಿ. ಅಪರೂಪದ್ದನ್ನು ಗುರುತಿಸುವ ಕಣ್ಣು ತಯಾರಾಗುವುದು ಸಾಮಾನ್ಯವಾದದ್ದನ್ನು ನೂರು ಸಲ ನೋಡಿದಾಗ. ಕ್ಯಾಮೆರಾ ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಕುಟುಂಬದಲ್ಲಿ ನಿಂತ ಹಕ್ಕಿಯ ಚಿತ್ರ ಸುಳ್ಳು ಹೇಳಬಹುದು, ಹಾರಿದ ರೆಕ್ಕೆ ಹೇಳುವುದಿಲ್ಲ. ಕಣ್ಣನ್ನು ಕ್ಯಾಮೆರಾದ ಕಿಂಡಿಯಿಂದ ಎತ್ತಿ ಇಟ್ಟುಕೊಂಡವರಿಗೆ ಆ ಕ್ಷಣ ಸಿಗುತ್ತದೆ.

ಮುಂಬಯಿಯಲ್ಲಿ ಇಂಥ ನೋಟದ ಪರಂಪರೆ ಹಳೆಯದು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ್ದು 1883ರಲ್ಲಿ. ಅದರ ಸ್ಥಾಪಕರಲ್ಲೊಬ್ಬರಾದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕೆನ್ ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ನಮ್ಮ ಕಾರವಾರದ ಕಡೆಯೂ ಕೆಲಸ ಮಾಡಿದವರು. ಮುಂಬಯಿಯ ಸಾಮಾನ್ಯ ಹಕ್ಕಿಗಳ ಕುರಿತ ಅವರ ಪುಸ್ತಕ 1900ರಲ್ಲಿ ಬಂತು. ಮುಂದೆ 1936ರಿಂದ 1939ರವರೆಗೆ ಸಾಲಿಂ ಅಲಿ ಮತ್ತು ಆಗಿನ್ನೂ ಇಪ್ಪತ್ತರ ಹರೆಯದ ಹುಮಾಯೂನ್ ಅಬ್ದುಲಾಲಿ ಕೂಡಿ ಮುಂಬಯಿ ಮತ್ತು ಸಾಷ್ಟಿ ದ್ವೀಪದ ಹಕ್ಕಿಗಳ ಬಗ್ಗೆ ಸೊಸೈಟಿಯ ನಿಯತಕಾಲಿಕದಲ್ಲಿ ಕಂತುಕಂತಾಗಿ ಬರೆದರು. ಬಾಂದ್ರಾದಿಂದ ಉತ್ತರಕ್ಕೆ ನಾವು ಈಗ ಉಪನಗರ ಎನ್ನುವ ಪ್ರದೇಶವೇ ಆ ಸಾಷ್ಟಿ. ಆಗ ಅದರ ಬಹುಭಾಗ ಭತ್ತದ ಗದ್ದೆ, ಉಪ್ಪಿನಗದ್ದೆ, ತಾಳೆ ತೆಂಗಿನ ತೋಪು, ಗುಡ್ಡ. ಗದ್ದೆಯ ಅಂಚಿನ ಹಳ್ಳ, ಹಳ್ಳದ ಅಂಚಿನ ಜೊಂಡು ಎಲ್ಲೆಲ್ಲೂ ಇದ್ದ ಕಾಲ. ಇವತ್ತು ಅದೇ ನಕ್ಷೆಯ ಮೇಲೆ ಬಿಟರ್ನ್‌ಗೆ ತಕ್ಕ ಜಾಗ ಹುಡುಕಿದರೆ ಪೂರ್ವದ ಖಾಡಿಯ ಅಂಚು, ಪಶ್ಚಿಮದಲ್ಲಿ ಚಾರಕೋಪ್, ಗೊರಾಯಿ ಕಡೆಯ ತುಣುಕುಗಳು, ಕೆರೆಗಳ ಮೂಲೆಗಳು ಇಷ್ಟೇ ಉಳಿದಿರುವುದು.

ಗುಡ್ಡ ಎಂದಾಗ ಒಂದು ಮಾತು. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಮಳೆಗಾಲಕ್ಕೆ ಮಲಯನ್ ರಾತ್ರಿ ಬಕ ಬರುತ್ತದೆ. ಇದು ಜೌಗಿನದಲ್ಲ, ಕಾಡಿನದು. ಪಶ್ಚಿಮ ಘಟ್ಟದ ತೇವದ ನೆಲದಲ್ಲಿ ಎರೆಹುಳು ಹೆಕ್ಕಿ ತಿನ್ನುವ, ಕಪ್ಪು ನೆತ್ತಿಯ ಕೆಂಗಂದು ಹಕ್ಕಿ. ದಾಂಡೇಲಿ, ಆಗುಂಬೆಯ ಕಡೆಯವರು ಮುಸ್ಸಂಜೆಯಲ್ಲಿ ಕಾಡಿನಿಂದ ಬರುವ ಅದರ ಗಂಭೀರ ದನಿಯನ್ನು ಗೂಬೆಯದೆಂದು ತಿಳಿದಿರಬಹುದು. ಮಳೆಯ ಮೊದಲ ದಿನಗಳಲ್ಲಿ ಬಳಲಿ ನೆಲಕ್ಕಿಳಿದ ಇಂಥ ಹಕ್ಕಿ ನಗರದ ಮಧ್ಯೆ ಸಿಕ್ಕರೆ ಅದಕ್ಕೆ ಮೀನು ತುರುಕುವ, ನೀರು ಕುಡಿಸುವ ಆತುರ ಬೇಡ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ಇಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಕಣ್ಣಿಗೆ ಕೈ ಅಡ್ಡ ಇಟ್ಟುಕೊಳ್ಳಿ. ಬಕಗಳು ಹೆದರಿದಾಗ ಮುಖಕ್ಕೇ ಕುಕ್ಕುತ್ತವೆ.

ಈಗ ಜಾಗದ ಮಾತಿಗೆ ಬರುತ್ತೇನೆ. ಠಾಣೆ ಖಾಡಿ ಸುಮಾರು 26 ಕಿಲೋಮೀಟರ್ ಉದ್ದ. ಅದರ ಪಶ್ಚಿಮ ದಡದ 1,690 ಹೆಕ್ಟೇರನ್ನು 2015ರಲ್ಲಿ ರಾಜಹಂಸಗಳ ಅಭಯಾರಣ್ಯವೆಂದು ಸಾರಲಾಯಿತು. 2022ರಲ್ಲಿ ಖಾಡಿಗೆ, ಜಾಗತಿಕ ಮಹತ್ವದ ಜೌಗುಗಳಿಗೆ ಸಲ್ಲುವ ರಾಮ್‌ಸಾರ್ ತಾಣದ ಮನ್ನಣೆ ಸಿಕ್ಕಿತು. ಅದಕ್ಕೂ ಮುಂಚೆ, 2005ರಲ್ಲಿ, ಮುಂಬಯಿ ಉಚ್ಚ ನ್ಯಾಯಾಲಯ ಮಹಾರಾಷ್ಟ್ರದಲ್ಲಿ ಕಾಂಡ್ಲಾ ಕಡಿಯುವುದನ್ನು ತಡೆದು, ಕಾಂಡ್ಲಾದ ಸುತ್ತ 50 ಮೀಟರಿನೊಳಗೆ ಕಟ್ಟಡ ಕಟ್ಟಬಾರದೆಂದು ಆದೇಶಿಸಿತು. 2018ರ ತೀರ್ಪು ಅದನ್ನು ಮತ್ತಷ್ಟು ಗಟ್ಟಿಮಾಡಿತು. ಕಾಂಡ್ಲಾಗಳಿಗೆಂದೇ ಅರಣ್ಯ ಇಲಾಖೆಯಲ್ಲಿ 2012ರಲ್ಲಿ ಪ್ರತ್ಯೇಕ ವಿಭಾಗವೂ ಹುಟ್ಟಿತು. ಇವು ಈ ಊರಿನ ದೊಡ್ಡ ಗೆಲುವುಗಳು. ಹೋರಾಡಿದವರನ್ನು ನೆನೆಯದೆ ನಾವು ಮುಂದೆ ಹೋಗುವಂತಿಲ್ಲ.

ಆದರೆ ಹಳದಿ ಬಿಟರ್ನ್ ಗೂಡು ಕಟ್ಟುವುದು ಕಾಂಡ್ಲಾದಲ್ಲಲ್ಲ. ಕಾಂಡ್ಲಾದ ಹಿಂದೆ, ನಾಲೆಯ ನೀರೋ ಮಳೆಯ ನೀರೋ ಸಂಸ್ಕರಿಸಿದ ಒಳಚರಂಡಿಯ ನೀರೋ ನಿಂತು ಉಪ್ಪು ಸಪ್ಪೆಯಾದ ಪಟ್ಟಿಯಲ್ಲಿ ಜೊಂಡು ಏಳುತ್ತದೆ. ಭಾಂಡುಪಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು: ಒಂದು ಕಡೆ ಖಾಡಿಯ ಉಪ್ಪುನೀರು ಮತ್ತು ಉಪ್ಪಟ್ಟಿ ಮರ, ಇನ್ನೊಂದು ಕಡೆ ಹೊಂಡದ ಸಿಹಿನೀರು ಮತ್ತು ಜೊಂಡು, ನಡುವೆ ಒಂದು ಕಚ್ಚಾ ರಸ್ತೆ. ಜೊಂಡಿನ ಈ ಪಟ್ಟಿಗೆ ಕಾಂಡ್ಲಾಕ್ಕಿರುವಂಥ ಹೆಸರಿಲ್ಲ, ತೀರ್ಪಿಲ್ಲ. ಜೌಗು ನೆಲಗಳ ಸಂರಕ್ಷಣೆಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳು ಭತ್ತದ ಗದ್ದೆಯನ್ನು, ಉಪ್ಪಿನಗದ್ದೆಯನ್ನು, ಕುಡಿಯುವ ನೀರಿಗೆಂದು ಕಟ್ಟಿದ ಕೆರೆಗಳನ್ನು ಜೌಗಿನ ಲೆಕ್ಕದಿಂದ ಹೊರಗಿಟ್ಟಿವೆ. ಕಂದು ಬಿಟರ್ನ್ ಬದುಕುವುದು ಭತ್ತದ ಗದ್ದೆಯಲ್ಲಿ. 1972ರ ವನ್ಯಜೀವಿ ಕಾಯ್ದೆ ಹಕ್ಕಿಯನ್ನು ಕೊಲ್ಲಬೇಡಿ ಎನ್ನುತ್ತದೆ. ಅದು ನಿಂತ ಹುಲ್ಲನ್ನು ಕೊಯ್ಯಬೇಡಿ, ಸುಡಬೇಡಿ, ಅದರ ಮೇಲೆ ಡೆಬ್ರಿ ಸುರಿಯಬೇಡಿ ಎಂದು ಹೇಳುವವರು ಯಾರು?

ಕೆರೆ ಸ್ವಚ್ಛತೆಯ ಹೆಸರಿನಲ್ಲಿ ಆಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಪವಯಿ ಕೆರೆಯಲ್ಲಿ ನೀರಿನ ಮೇಲೆ ಹಬ್ಬುವ ಜಲಪರ್ಣಿಯನ್ನು ತೆಗೆಯುವುದು ಅಗತ್ಯವಾದ ಕೆಲಸ, ಅದು ನೀರಿನ ಉಸಿರು ಕಟ್ಟಿಸುತ್ತದೆ. ದಡದ ಜೊಂಡು ಬೇರೆ. ಅದು ಬೇರಿನಿಂದ ಕೊಳೆಯನ್ನು ಹೀರಿ ಹಿಡಿಯುತ್ತದೆ, ಮೀನಿನ ಮರಿಗಳಿಗೆ ಮರೆಯಾಗುತ್ತದೆ, ನೀರಿನ ಓಟವನ್ನು ತಡೆದು ನಿಧಾನ ಮಾಡುತ್ತದೆ. ಎರಡನ್ನೂ ಕಳೆಯೆಂದು ಕರೆದು ಒಂದೇ ಯಂತ್ರದಿಂದ ಕಿತ್ತು, ದಡಕ್ಕೆ ಕಲ್ಲು ಕಟ್ಟಿ, ಬೆಂಚು ಹಾಕಿ, ದೀಪ ನಿಲ್ಲಿಸಿದರೆ ಅದಕ್ಕೆ ಸುಂದರೀಕರಣ ಎಂಬ ಹೆಸರು ಬರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು, ಪವಯಿ ಮತ್ತು ವಿಹಾರ ಕೆರೆಗಳಿಂದ ಹೊರಡುವ ಮಿಠಿ ನದಿ ಊರನ್ನು ಮುಳುಗಿಸಿದ್ದು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡ ಸಂಗತಿ. ನೀರಿಗೆ ನಿಲ್ಲಲು ಜಾಗ ಬೇಕು ಎಂಬುದು ಆ ದಿನ ಎಲ್ಲರಿಗೂ ಅರ್ಥವಾಗಿತ್ತು. ನೀರು ನಿಂತ ಜಾಗದಲ್ಲಿ ಜೊಂಡು ಬರುತ್ತದೆ, ಜೊಂಡು ಬಂದಲ್ಲಿ ಬಿಟರ್ನ್ ಬರುತ್ತದೆ. ನಿಮ್ಮ ಕಾಲೋನಿಯ ಹಿಂದಿನ ಕೆಸರುಗುಂಡಿಯಲ್ಲಿ ಬಿಟರ್ನ್ ಇದೆಯೆಂದರೆ ಅದು ಹಾಳುಬಿದ್ದ ಜಾಗವಲ್ಲ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಆ ಪುರಾವೆಯನ್ನು ಒದಗಿಸುವುದು ಕೇಳುಗರಾದ ನಿಮ್ಮ ಕೈಯಲ್ಲಿದೆ. ಅದಕ್ಕೆ ದುಬಾರಿ ಸಾಮಾನು ಬೇಡ. ಬೆಳಕು ಹರಿಯುವ ಹೊತ್ತಿಗೆ ಜೊಂಡಿನ ಎದುರು, ನಡುವೆ ಸ್ವಲ್ಪ ಬಯಲು ನೀರು ಇರುವಂಥ ಜಾಗ ಆರಿಸಿ ನಿಂತುಕೊಳ್ಳಿ. ನಡೆದಾಡಬೇಡಿ, ಗುಂಪು ಬೇಡ. ಜೊಂಡು ನೀರಿಗೆ ಮುಗಿಯುವ ಗೆರೆಯನ್ನೇ ನಿಧಾನವಾಗಿ ಕಣ್ಣಿನಿಂದ ಸವರುತ್ತ ಹೋಗಿ. ಬಿಟರ್ನ್ ಬೇಟೆಗೆ ಬಂದು ನಿಲ್ಲುವುದು ಆ ಗೆರೆಯಲ್ಲಿ. ಮಳೆ ಜೋರಾಗಿ ಸುರಿದು ನಿಂತ ಮೇಲಿನ ಅರ್ಧ ಗಂಟೆ ಬಹಳ ಒಳ್ಳೆಯದು. ಖಾಡಿಯ ಪಕ್ಕವಾದರೆ ಭರತ ಇಳಿತದ ವೇಳೆ ನೋಡಿಕೊಂಡು ಹೋಗಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹೊರಗೆ ಕರೆಯುವ ಅಭ್ಯಾಸ ಕೆಲವರಿಗಿದೆ. ಗೂಡಿನ ಕಾಲದಲ್ಲಿ ಅದು ಕ್ರೌರ್ಯ. ಬೇರೊಂದು ಗಂಡು ತನ್ನ ಜಾಗಕ್ಕೆ ನುಗ್ಗಿತೆಂದು ತಿಳಿದು ಹಕ್ಕಿ ಮೊಟ್ಟೆ ಬಿಟ್ಟು ಎದ್ದುಬರುತ್ತದೆ, ಮರದ ಮೇಲಿನ ಕಾಗೆ ಅದನ್ನೇ ಕಾದಿರುತ್ತದೆ. ಗೂಡಿನ ಜಾಡು ಸಿಕ್ಕರೆ ಜೊಂಡು ಸರಿಸಿ ನೋಡಬೇಡಿ, ಗೂಡಿನ ಚಿತ್ರವನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಬೇಡಿ.

ನೋಡಿದ್ದನ್ನು ಬರೆದಿಡಿ. ದಿನಾಂಕ, ಹೊತ್ತು, ಜಾಗ, ನೀರಿನ ಮಟ್ಟ, ಜೊಂಡಿನ ಎತ್ತರ, ಹಾರಿದಾಗ ರೆಕ್ಕೆಯ ಬಣ್ಣ. ರೆಕ್ಕೆ ಕಾಣಲಿಲ್ಲವೆಂದರೆ ‘ಬಿಟರ್ನ್, ಯಾವುದೆಂದು ಗೊತ್ತಾಗಲಿಲ್ಲ’ ಎಂದು ಬರೆಯಿರಿ. ಊಹೆಯ ಹೆಸರಿಗಿಂತ ಆ ಸಾಲಿಗೆ ಬೆಲೆ ಹೆಚ್ಚು. ಹೋಗಿ ಏನೂ ಕಾಣದೆ ಬಂದ ದಿನವನ್ನೂ ಬರೆಯಿರಿ. ಇಬರ್ಡ್ ಎಂಬ ತಾಣದಲ್ಲಿ ಇಂಥ ಟಿಪ್ಪಣಿಗಳನ್ನು ಯಾರು ಬೇಕಾದರೂ ಸೇರಿಸಬಹುದು, ಮೊಬೈಲಿನಲ್ಲೇ ಆಗುತ್ತದೆ. ನಾಳೆ ಆ ಜೌಗಿನ ಮೇಲೆ ಯಾವುದಾದರೂ ಯೋಜನೆ ಬಂದು, ಅಲ್ಲಿ ಏನೂ ಇಲ್ಲ ಎಂದು ಕಾಗದದಲ್ಲಿ ಬರೆದಾಗ, ಎದುರು ಇಡಲು ನಿಮ್ಮ ಟಿಪ್ಪಣಿಗಳು ಬೇಕಾಗುತ್ತವೆ.

ಈ ಭಾನುವಾರವೇ ಶುರುಮಾಡುವ ಮನಸ್ಸಿದ್ದವರು ಮುಲುಂಡ್ ಅಥವಾ ಭಾಂಡುಪ್ ಸ್ಟೇಷನ್ನಿನ ಪೂರ್ವಕ್ಕಿಳಿದು ಪಂಪಿಂಗ್ ಸ್ಟೇಷನ್ನಿಗೆಂದು ರಿಕ್ಷಾ ಹಿಡಿಯಿರಿ. ಸೂರ್ಯ ಹುಟ್ಟುವ ಮುಂಚೆ ಅಲ್ಲಿರಬೇಕು, ಆದ್ದರಿಂದ ಹೊರಡುವುದು ಮೊದಲ ಲೋಕಲುಗಳಲ್ಲಿ. ಮೊಳಕಾಲವರೆಗಿನ ರಬ್ಬರ್ ಬೂಟು, ಮಂದ ಬಣ್ಣದ ರೇನ್‌ಕೋಟು, ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ನೋಟ್‌ಬುಕ್ಕು, ಪೆನ್ಸಿಲು. ಪೆನ್ನು ಬೇಡ, ಮಳೆಯಲ್ಲಿ ಶಾಯಿ ಹರಡುತ್ತದೆ.